ಡಾಕ್ಟರಮ್ಮನ ಅಂಜದೀವ

2024ರ ಮಾರ್ಚ್ 9, ಶನಿವಾರ, ಏಪೆಕ್ಸ್, ಉತ್ತರ ಕ್ಯಾರೊಲೈನಾ. ನೋಡಿದ ಆಕರ: 1497ರ ಜುಲೈನಲ್ಲಿ ಲಿಸ್ಬನ್ ಬಿಟ್ಟು ಮರುವರ್ಷ ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟಿದ ಪೋರ್ಚುಗೀಸ್ ಹಡಗುಗಳಲ್ಲಿದ್ದ ಒಬ್ಬಾತ ಬರೆದಿಟ್ಟ ದಿನಚರಿ, ಅದರ ಇಂಗ್ಲಿಷ್ ಅನುವಾದದ ಛಾಯಾಪ್ರತಿ. ಪ್ರತಿ ನನ್ನದಲ್ಲ. ನಮ್ಮ ಸಾಲಿನಲ್ಲಿ ಎರಡು ಮನೆ ಆಚೆಗಿದ್ದ, ನಾವೆಲ್ಲರೂ ಡಾಕ್ಟರಮ್ಮ ಎಂದು ಕರೆಯುತ್ತಿದ್ದ ಹಿರಿಯರದು.

1499ರ ಜನವರಿಯ ಪುಟವನ್ನು ತೆರೆದಾಗ ಒಣಗಿದ ಕಿತ್ತಳೆ ಸಿಪ್ಪೆಯ ಪಟ್ಟಿಯೊಂದು ಮೇಜಿನ ಮೇಲೆ ಬಿತ್ತು. ಬಣ್ಣ ಹೋಗಿ ಹಳೆಯ ಚಪ್ಪಲಿಯ ತೊಗಲಿನಂತಾಗಿತ್ತು. ಬೆರಳುಗಳ ನಡುವೆ ಮುರಿದೆ. ವಾಸನೆ ಇನ್ನೂ ಇತ್ತು... ಅವರು ಪುಸ್ತಕದಲ್ಲಿ ಗುರುತಿಗೆ ಕಾಗದ ಇಡುತ್ತಿರಲಿಲ್ಲ. ತಿಂದ ಹಣ್ಣಿನ ಸಿಪ್ಪೆಯನ್ನು ಕತ್ತರಿಯಿಂದ ಸಮನಾಗಿ ಕತ್ತರಿಸಿ, ಕಿಟಕಿಯ ಕಟ್ಟೆಯ ಮೇಲೆ ಒಣಗಿಸಿ, ಬೇಕಾದ ಪುಟಗಳಲ್ಲಿ ಸೇರಿಸುತ್ತಿದ್ದರು. ಈ ಪುಟಕ್ಕೆ ಕಿತ್ತಳೆಯೇ ತಕ್ಕದ್ದು. ಅರಬ್ಬೀ ಸಮುದ್ರವನ್ನು ದಾಟುವಷ್ಟರಲ್ಲಿ ಒಸಡು ಬಾತು, ಕಾಲು ಊದಿ, ಏಳಲಾರದೆ ಮಲಗಿದ್ದ ನಾವಿಕರಿಗಾಗಿ ಆಫ್ರಿಕದ ಮಾಲಿಂದಿಯ ಬಂದರಿನಲ್ಲಿ ಕಿತ್ತಳೆ ಹಣ್ಣು ತರಿಸಿದ ವಿಷಯ ಅಲ್ಲಿದೆ.

ಅವರ ಹುಟ್ಟೂರು ಕಾರವಾರದ ಬಳಿಯ ಬಿಣಗಾ. ಮನೆಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ವೈದ್ಯಕೀಯ ಓದಿ ಎಪ್ಪತ್ತರ ದಶಕದಲ್ಲಿ ಈ ದೇಶಕ್ಕೆ ಬಂದು, ಮೊದಲು ಅಟ್ಲಾಂಟಾದಲ್ಲಿ, ಅನಂತರ ಉತ್ತರ ಕ್ಯಾರೊಲೈನಾದಲ್ಲಿ ಅರಿವಳಿಕೆ ತಜ್ಞೆಯಾಗಿ ಕೆಲಸ ಮಾಡಿ ನಿವೃತ್ತರಾಗಿದ್ದರು. ನಿವೃತ್ತಿಯ ಮೇಲೆ, ಬೇರೆಯವರು ತೋಟಗಾರಿಕೆಯಲ್ಲೋ ಯೋಗದಲ್ಲೋ ತೊಡಗುವ ವಯಸ್ಸಿನಲ್ಲಿ, ಅವರು ಪೋರ್ಚುಗೀಸ್ ಭಾಷೆ ಕಲಿಯಲು ಕುಳಿತರು. ಏಕೆಂದು ನಾನು ಕೇಳಿದ್ದೆ.

“ನಮ್ಮ ಮನೀ ಮುಂದೆ ನಿಂತ್ರೆ ಅಂಜದೀವ ದ್ವೀಪ ಕಾಣ್ತಿತ್ರಿ,” ಎಂದಿದ್ದರು. “ದಿನಾ ಹಲ್ಲುಜ್ಜುವಾಗ ನೋಡ್ತಿದ್ದೆ. ಅಲ್ಲಿ ಯಾರು ಬಂದಿದ್ರು, ಯಾಕೆ ಬಂದಿದ್ರು ಅಂತ ಒಬ್ರೂ ಸರಿಯಾಗಿ ಹೇಳ್ಲಿಲ್ಲ. ಇನ್ನು ನಾನೇ ಕೇಳ್ಕೋಬೇಕಲ್ಲ, ಅವರ ಭಾಷೆಯಲ್ಲೇ.”

ನಾನು ಇಲ್ಲಿನ ಪ್ರಯೋಗಾಲಯವೊಂದರಲ್ಲಿ ಗಾಳಿಯ ಮಾಲಿನ್ಯದ ಅಳತೆಗಳನ್ನು ಪರಿಶೀಲಿಸುವ ಕೆಲಸದಲ್ಲಿ ವೃತ್ತಿಜೀವನವನ್ನು ಕಳೆದವನು. ಬೇರೆಯವರು ಅಳೆದದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗವಾಗಿತ್ತು. ಆದುದರಿಂದ ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ಬರುವ ಲೇಖನಗಳ ದಿನಾಂಕಗಳನ್ನು ನೋಡಿಕೊಡುವ ಹೊಣೆ ತಾನಾಗಿ ನನ್ನ ಪಾಲಿಗೆ ಬಂದಿತ್ತು. ನಮ್ಮ ಪರಿಚಯ ಸ್ನೇಹವಾದದ್ದೂ ಹಾಗೆಯೇ. 2020ರ ಏಪ್ರಿಲ್‌ನಲ್ಲಿ, ಎಲ್ಲರೂ ಮನೆಯೊಳಗೆ ಸೇರಿಕೊಂಡಿದ್ದಾಗ, ಅವರು ಮುಖಗವಸು ಹಾಕಿಕೊಂಡು ನಮ್ಮ ಬಾಗಿಲ ಮುಂದೆ ಒಂದು ಕಡತ ಇಟ್ಟು, ಆರು ಅಡಿ ಹಿಂದೆ ಸರಿದು ನಿಂತು, “ಇದರಲ್ಲಿ ತಪ್ಪು ಹುಡುಕಿ ಕೊಡ್ರಿ, ನಿಮಗೆ ಟೈಮ್‌ಪಾಸ್ ಆಗ್ತದೆ,” ಎಂದರು.

ಕಡತ ತೆರೆದು ನೋಡಿದಾಗ ನನಗೆ ಮೊದಲು ಏನೂ ತಿಳಿಯಲಿಲ್ಲ. ಅವು ಆಸ್ಪತ್ರೆಯ ನಮೂನೆಗಳು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಯ ನಾಡಿ, ರಕ್ತದೊತ್ತಡ, ಉಸಿರುಗಳನ್ನು ಐದೈದು ನಿಮಿಷಕ್ಕೊಮ್ಮೆ ಗುರುತಿಸುವ ಚೌಕುಳಿ ಕಾಗದ. ಗಣಕಯಂತ್ರಗಳು ಬಂದಮೇಲೆ ಕಸಕ್ಕೆ ಹೋಗಲಿದ್ದ ಖಾಲಿ ನಮೂನೆಗಳ ಕಟ್ಟನ್ನು ಅವರು ಮನೆಗೆ ತಂದಿಟ್ಟುಕೊಂಡಿದ್ದರು. ಅವುಗಳ ಮೇಲೆ ಒಂದು ನೌಕಾಯಾನವನ್ನು ಬರೆದಿದ್ದರು. ಐದು ನಿಮಿಷದ ಚೌಕಕ್ಕೆ ಒಂದು ದಿನ. ನಾಡಿಯ ಚುಕ್ಕೆಯ ಜಾಗದಲ್ಲಿ ಗಾಳಿ. ರಕ್ತದೊತ್ತಡದ ಮೇಲ್ಗೆರೆ ಕೆಳಗೆರೆಗಳ ಜಾಗದಲ್ಲಿ ನೀರು ಮತ್ತು ಆಹಾರ. ಔಷಧ ಬರೆಯುವ ಸಾಲಿನಲ್ಲಿ, ಆ ದಿನ ದಿನಚರಿಕಾರ ಏನು ಬರೆದ ಎಂಬುದು. ಬರೆಯದೆ ಬಿಟ್ಟ ದಿನಗಳ ಚೌಕ ಖಾಲಿ. ಅವರು ಅಂದಾಜಿನಿಂದ ಒಂದನ್ನೂ ತುಂಬಿರಲಿಲ್ಲ.

ಮೂವತ್ತು ವರ್ಷ ಬೇರೆಯವರ ಅಳತೆಗಳನ್ನು ನೋಡಿದವನಾಗಿ ಹೇಳುತ್ತೇನೆ, ಖಾಲಿ ಜಾಗವನ್ನು ಖಾಲಿಯಾಗಿ ಬಿಡಬಲ್ಲವರು ಅಪರೂಪ.

ಆ ವರ್ಷದ ಬೇಸಿಗೆಯಿಂದ ಸಂಘದವರು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ವಿಡಿಯೊ ಕೂಟ ನಡೆಸಲಾರಂಭಿಸಿದರು. ಮಾರಿಸ್‌ವಿಲ್, ಆಶ್‌ಬರ್ನ್, ಅಟ್ಲಾಂಟಾಗಳಿಂದ ಮೂವತ್ತು ನಲವತ್ತು ಮಂದಿ ಸೇರುತ್ತಿದ್ದರು. ತಿಂಗಳಿಗೊಮ್ಮೆ ಡಾಕ್ಟರಮ್ಮನ ಸರದಿ. 1415ರಲ್ಲಿ ಆಫ್ರಿಕದ ದಡದ ಸೆಯೂತ ಪಟ್ಟಣವನ್ನು ಹಿಡಿದಲ್ಲಿಂದ ಆರಂಭಿಸಿ, 1488ರಲ್ಲಿ ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿದ್ದು, 1498ರಲ್ಲಿ ಮಲಬಾರು, 1505ರಲ್ಲಿ ಅಂಜದೀವದ ಕೋಟೆ, 1510ರಲ್ಲಿ ಗೋವೆ... ಒಂದು ಪುಟ್ಟ ರಾಜ್ಯ ತೊಂಬತ್ತೈದು ವರ್ಷಗಳಲ್ಲಿ ಸಮುದ್ರದ ಮೇಲೆ ಬೆಳೆದ ಬಗೆಯನ್ನು ಅವರು ಒಬ್ಬ ರೋಗಿಯ ಬೆಳವಣಿಗೆಯನ್ನು ವರದಿ ಮಾಡುವಂತೆ, ಏರು ದನಿಯಿಲ್ಲದೆ ಹೇಳುತ್ತಿದ್ದರು. ಅವರಿಗೆ ಎಲ್ಲಕ್ಕಿಂತ ಬೆರಗೆನಿಸಿದ್ದು ಫಿರಂಗಿಗಳಲ್ಲ. ಆಫ್ರಿಕದ ದಡ ಹಿಡಿದು ಇಳಿದರೆ ಎದುರುಗಾಳಿ ಎಂದು ಅರಿತು, ದಡವನ್ನೇ ಬಿಟ್ಟು, ಬೇಕಾದ ದಿಕ್ಕಿಗೆ ಬೆನ್ನು ತಿರುಗಿಸಿ ಅಟ್ಲಾಂಟಿಕ್‌ನ ನಡುವಿಗೆ ಹೋಗಿ, ಮೂರು ತಿಂಗಳು ನೆಲ ಕಾಣದೆ, ಅಲ್ಲಿ ಬೀಸುವ ಪಡುವಣ ಗಾಳಿಯನ್ನು ಹಿಡಿದು ದಕ್ಷಿಣ ತುದಿಯತ್ತ ತಿರುಗಿದ ಆ ಧೈರ್ಯ. “ಅಲ್ಲಿ ಗಾಳಿ ಇರ್ತದೆ ಅಂತ ಯಾರೂ ಗ್ಯಾರಂಟಿ ಕೊಟ್ಟಿರಲಿಲ್ಲ,” ಎನ್ನುತ್ತಿದ್ದರು. “ಹಿಂದಿನವರು ಬರೆದಿಟ್ಟ ನೋಟ್ಸ್ ನಂಬಿ ಹೋದ್ರು. ನನಗೆ ಅಷ್ಟು ಸಾಕು, ಸಲಾಮ್ ಹೊಡೀಲಿಕ್ಕೆ.”

ಒಮ್ಮೆ ಆಶ್‌ಬರ್ನ್‌ನ ತರುಣನೊಬ್ಬ ಮೈಕ್ ತೆರೆದು ಸ್ವಲ್ಪ ಬಿಸಿಯಾಗಿಯೇ ಕೇಳಿದ: “ಆಂಟಿ, ಸಾರಿ, ಆದ್ರೆ ಅವರು ನಮ್ಮನ್ನ ಲೂಟಿ ಮಾಡಿದವರು. ಇಷ್ಟೊಂದು ಅಡ್ಮೈರ್ ಮಾಡೋದಾ?”

“ಪೇಷಂಟ್ ಒಳ್ಳೆಯವನೋ ಕೆಟ್ಟವನೋ ಅಂತ ವಿಚಾರಿಸಿ ನಾಡಿ ಹಿಡಿಯೋದಿಲ್ಲಪ್ಪ,” ಎಂದರು ಡಾಕ್ಟರಮ್ಮ. “ಮಾತಾಡ್ಲಿಕ್ಕೆ ಅಂತ ದ್ವೀಪಕ್ಕೆ ಬಂದ ಒಬ್ಬನ್ನ ಹಿಡಿದು ಹೊಡೆದ್ರು. ಅದೂ ಚಾರ್ಟಿನಲ್ಲಿದೆ, ಕೆಂಪು ಇಂಕಿನಲ್ಲಿ. ಮುಂದಿನ ಸಲ ಬಂದಾಗ ಜನ ಇದ್ದ ಹಡಗನ್ನೇ ಸುಟ್ರು. ಅದಕ್ಕೆ ಇನ್ನೊಂದು ಶೀಟು ಇದೆ. ಓದ್ತೀಯಾ? ಕಳಿಸ್ತೇನೆ. ಓದಿದ ಮೇಲೆ ನಿದ್ದೆ ಬರದಿದ್ರೆ ನನ್ನ ಕರಿಬೇಡ, ನಾನೀಗ ರಿಟೈರ್ಡ್.”

ತೆರೆಯ ಎಲ್ಲ ಚೌಕಗಳಲ್ಲೂ ನಗು. ಆ ತರುಣನೂ ನಕ್ಕ.

ಅವರ ನಿಜವಾದ ಕೆಲಸ ಮಾತ್ರ ಒಂದೇ ಪ್ರಶ್ನೆಯ ಸುತ್ತ ಇತ್ತು. ಆ ಹಡಗುಗಳು ಆಫ್ರಿಕದಿಂದ ಮಲಬಾರಿಗೆ ಬರುವಾಗ ಮಳೆಗಾಲದ ಗಾಳಿಯ ಬೆನ್ನೇರಿ ಇಪ್ಪತ್ತಮೂರು ದಿನಗಳಲ್ಲಿ ಬಂದಿದ್ದವು. ಹಿಂದಿರುಗುವಾಗ ಅಂಜದೀವದಲ್ಲಿ ತಂಗಿ, ಹಡಗಿನ ತಳ ಶುದ್ಧಗೊಳಿಸಿ, ಸಿಹಿನೀರು ತುಂಬಿಕೊಂಡು 1498ರ ಅಕ್ಟೋಬರ್ 5ರಂದು ಹೊರಟವು. ಆಫ್ರಿಕದ ನೆಲ ಕಂಡದ್ದು 1499ರ ಜನವರಿ 2ರಂದು. ಮೂರು ತಿಂಗಳಿಗೆ ಕೆಲವೇ ದಿನ ಕಡಿಮೆ. ನಿಂತ ಗಾಳಿ, ಎದುರುಗಾಳಿ, ಮತ್ತೆ ನಿಂತ ಗಾಳಿ. ಮೂವತ್ತು ಮಂದಿ ಸತ್ತರು. ಉಳಿದವರಲ್ಲಿ ಹಡಗಿಗೆ ಏಳೆಂಟು ಜನ ಮಾತ್ರ ಎದ್ದು ನಿಲ್ಲಬಲ್ಲವರಾಗಿದ್ದರು. ಅವರು ಅಷ್ಟು ಬೇಗ ಏಕೆ ಹೊರಟರು?

“ನಮ್ಮಜ್ಜ ಮಚ್ವೆ ಇಟ್ಟಿದ್ರು, ಹಾಯಿ ಕಟ್ಟಿದ ಸರಕು ದೋಣಿ,” ಎಂದು ಡಾಕ್ಟರಮ್ಮ ಹೇಳಿದ್ದರು. “ದೀಪಾವಳಿ ಕಳೆದು, ಮೂಡಣ ಗಾಳಿ ಎದ್ದು ಗಟ್ಟಿಯಾಗೋ ತನಕ ಅದನ್ನು ಪಡುವಣ ದಿಕ್ಕಿಗೆ ಬಿಡ್ತಿರಲಿಲ್ಲ. ಬಿಣಗಾದ ಯಾವ ಮೀನುಗಾರ್ತೀನ ಕೇಳಿದ್ರೂ ಅಷ್ಟು ಹೇಳ್ತಿದ್ಲು. ಇವರು ಅರ್ಧ ಪ್ರಪಂಚದ ಗಾಳಿ ಓದಿದವರು, ಆ ದ್ವೀಪದ ಮುಂದೆ ಮೀನು ಮಾರೋಳನ್ನ ಒಂದು ಮಾತು ಕೇಳ್ಲಿಲ್ಲ.”

ಅವರ ಲೇಖನದ ಹೆಸರು ‘ದೀಪಾವಳಿಗೆ ಹತ್ತು ದಿನ ಮೊದಲು’. ಕಾರವಾರದ ದಡದಲ್ಲಿ ನಿಂತವರು ಆ ಹಡಗುಗಳನ್ನು ಹೇಗೆ ಕಂಡಿರಬಹುದು ಎಂಬಲ್ಲಿಂದ ಅದು ತೊಡಗುತ್ತಿತ್ತು. ಆಶ್ವಿನದ ಕೃಷ್ಣಪಕ್ಷ, ಹುಣ್ಣಿಮೆ ಕಳೆದು ಐದಾರು ದಿನ, ತಡವಾಗಿ ಏಳುವ ಚಂದ್ರ. ಹಬ್ಬಕ್ಕೆ ಇನ್ನೂ ಹತ್ತು ದಿನ. ಎಂಟು ಪುಟ. ಅವರು ಕನ್ನಡದಲ್ಲಿ ಬರೆದ ಮೊದಲ ಲೇಖನ. 2022ರ ಯುಗಾದಿ ಸಂಚಿಕೆಗೆ ಕೊಡಬೇಕೆಂದಿದ್ದರು. ಎಷ್ಟೋ ವರ್ಷ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದ ಕೈಗೆ ಒತ್ತಕ್ಷರಗಳು ಮತ್ತೆ ಬರಲೊಲ್ಲವೆಂದು, ಮೂರು ಸಲ ತಿದ್ದಿ ಬರೆದಿದ್ದರು. “ಹೈಸ್ಕೂಲ್ ಮಾಸ್ತರು ಈಗಲೂ ಬೆತ್ತ ಹಿಡಿದು ನಿಂತ ಹಾಗೆ ಆಗ್ತದ್ರಿ,” ಎಂದು ನಗುತ್ತ ತೋರಿಸಿದ್ದರು. ಅದು ಅಚ್ಚಾಗುವುದನ್ನು ನೋಡುವ ಆಸೆಯನ್ನು ಅವರು ಮುಚ್ಚಿಡಲಿಲ್ಲ.

2021ರ ಅಕ್ಟೋಬರ್ 23, ಶನಿವಾರ, ಅವರು ಅದನ್ನು ಕೂಟದಲ್ಲಿ ಓದಿದರು. ಓದು ಮುಗಿದಾಗ ಇಲ್ಲಿಯೇ ಹುಟ್ಟಿದ ಒಬ್ಬ ಹುಡುಗಿ, ತಾಯಿಯ ಪಕ್ಕದಿಂದ ಮುಖ ಚಾಚಿ, “ಆಂಟಿ, ದೇ ಕುಡ್ ಹ್ಯಾವ್ ಜಸ್ಟ್ ವೇಟೆಡ್! ಅವರು ದೀಪಾವಳಿ ನೋಡಿ ಹೋಗ್ಬೇಕಿತ್ತು,” ಎಂದಳು. ಡಾಕ್ಟರಮ್ಮ, “ನೀನು ಆ ಹಡಗಿನಲ್ಲಿ ಇರ್ಬೇಕಿತ್ತು ಮಗಾ,” ಎಂದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ಕಾಣಲಿಲ್ಲ.

ಆಗ ನಾನು ಮಾತನಾಡಿದೆ. ಹಿಂದಿನ ದಿನ ಪಂಚಾಂಗ ಲೆಕ್ಕ ಹಾಕುವ ಒಂದು ತಂತ್ರಾಂಶದಲ್ಲಿ ಆ ದಿನಾಂಕವನ್ನು ಕೊಟ್ಟು ನೋಡಿದ್ದೆ. ಅಕ್ಟೋಬರ್ 5, 1498: ಆಶ್ವಿನ ಶುಕ್ಲಪಕ್ಷ, ಏಕಾದಶಿಯ ಆಸುಪಾಸು. ಕೃಷ್ಣಪಕ್ಷವಲ್ಲ. ವಿಜಯದಶಮಿ ಆಗಷ್ಟೇ ಮುಗಿದಿದೆ. ದೀಪಾವಳಿಗೆ ಹತ್ತಲ್ಲ, ಹತ್ತೊಂಬತ್ತು ದಿನ. ಇದನ್ನು ಎಲ್ಲರ ಮುಂದೆ ಹೇಳಿದೆ. ಹೆಸರೂ ಆರಂಭವೂ ನಿಂತಿರುವ ಎಣಿಕೆಯೇ ತಪ್ಪಿದ್ದರೆ ಉಳಿದ ವಾದವನ್ನು ಓದುಗರು ಹೇಗೆ ನಂಬಬೇಕು ಎಂದೂ ಸೇರಿಸಿದೆ. ನನಗೆ ನೆನಪಿರುವಂತೆ ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, “ನೀವು ಚೆಕ್ ಮಾಡಿದ್ದೀರಿ ಅಂದ್ರೆ ಸರಿಯೇ ಇರ್ತದೆ,” ಎಂದು ಮುಗುಳ್ನಕ್ಕರು. ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಈ ಎರಡು ವರ್ಷ ಹಾಗೆಂದೇ ಹೇಳಿಕೊಂಡು ಬಂದೆ...

ಮರುವಾರ ಅವರು ಲೇಖನವನ್ನು ಹಿಂತೆಗೆದುಕೊಂಡರು. ಸಂಚಿಕೆಯ ಸಂಪಾದಕಿ, ಮಾರಿಸ್‌ವಿಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹೆಣ್ಣುಮಗಳು, ಬೇಸರದಿಂದ ನನಗೆ ಕರೆ ಮಾಡಿದಳು. ನಮ್ಮ ಬಡಾವಣೆಯ ಕೆರೆಯ ಸುತ್ತ ನಡೆಯುವಾಗ ನಾನು ಡಾಕ್ಟರಮ್ಮನನ್ನು ವಿಚಾರಿಸಿದೆ. ಸಂಖ್ಯೆಯೊಂದನ್ನು ತಿದ್ದಿ ಕೊಡಬಹುದಲ್ಲವೆ ಎಂದೆ.

“ಆಪರೇಷನ್ ಟೇಬಲ್ ಹತ್ರ ಇಬ್ಬರು ಡಾಕ್ಟರ ಓದು ಬೇರೆ ಬೇರೆ ಬಂದ್ರೆ ನಾನು ಪೇಷಂಟನ್ನ ಮಲಗಿಸ್ತಿರಲಿಲ್ಲ,” ಎಂದರು. “ಇಬ್ಬರೂ ಮತ್ತೊಮ್ಮೆ ಓದ್ಬೇಕು. ಅದೇ ರೂಲು. ನಾನು ಓದಿದ್ದೇನೆ. ನೀವೂ ಇನ್ನೊಮ್ಮೆ ನೋಡ್ತೀರಾ?”

ನೋಡುತ್ತೇನೆ ಎಂದೆ. ಮರುವರ್ಷ ಮತ್ತೊಮ್ಮೆ, ಅದೇ ಕೆರೆಯ ಬಳಿ, ಕೋಲೂರಿ ನಿಂತು, “ಆ ಲೆಕ್ಕ ನೋಡಿದ್ರೇನ್ರಿ?” ಎಂದು ಕೇಳಿದರು. ಆಗಲೂ ನೋಡುತ್ತೇನೆ ಎಂದೆ. ತಂತ್ರಾಂಶ ಎರಡನೆಯ ಸಲ ಬೇರೆ ಉತ್ತರ ಕೊಡುವುದಿಲ್ಲವೆಂದು ನನಗೆ ಖಚಿತವಿತ್ತು. ಅವರು ಒತ್ತಾಯಿಸಲಿಲ್ಲ. ಬೇರೆ ಹಾಳೆಗಳನ್ನು ಎಂದಿನಂತೆ ತಂದು ಕೊಡುತ್ತಿದ್ದರು, ನಾನು ತಪ್ಪು ಹುಡುಕುತ್ತಿದ್ದೆ. ಸಿಕ್ಕಿದ್ದು ಬಹಳ ಕಡಿಮೆ.

ಈ ಜನವರಿಯಲ್ಲಿ ಅವರು ತೀರಿಕೊಂಡರು. ಅಟ್ಲಾಂಟಾದಿಂದ ಬಂದ ಮಗಳು, ಚಾರ್ಟುಗಳೂ ಆ ಎಂಟು ಪುಟಗಳೂ ಇದ್ದ ಮೂರು ಕಡತಗಳನ್ನೂ ಈ ದಿನಚರಿಯ ಪ್ರತಿಯನ್ನೂ ನನ್ನ ಕೈಗಿತ್ತು, “ಅಮ್ಮ ಸೆಡ್, ಇದು ನಿಮ್ಮ ಹತ್ರ ಪೆಂಡಿಂಗ್ ಇದೆ ಅಂತ,” ಎಂದಳು. ಏನು ಬಾಕಿಯಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು.

ಇಂದು ಬೆಳಿಗ್ಗೆ, ಸಂಚಿಕೆಗೆ ಅವರ ನೆನಪನ್ನು ಬರೆಯಲು ಕುಳಿತು, ಆ ಅಕ್ಟೋಬರ್ 5ರ ಚೌಕವನ್ನು ತೆರೆದೆ. ದಿನಾಂಕದ ಮೇಲೆ ಅವರ ಸಣ್ಣ ಅಕ್ಷರದಲ್ಲಿ ‘ಶುಕ್ರ’ ಎಂದಿತ್ತು. ಅಭ್ಯಾಸಬಲದಿಂದ ತಂತ್ರಾಂಶದಲ್ಲಿ ನೋಡಿದೆ. ‘ಬುಧವಾರ’ ಎಂದಿತು. ಅವರ ತಪ್ಪು ಎಂದುಕೊಂಡು ಪೆನ್ಸಿಲ್ ಎತ್ತಿಕೊಂಡವನು ಅದನ್ನು ಕೆಳಗಿಟ್ಟೆ. ಕ್ಯಾಲೆಂಡರ್ ಬದಲಾದಾಗಲೂ ವಾರಗಳ ಸರಣಿ ಎಲ್ಲಿಯೂ ಕಡಿದಿಲ್ಲ. ವಾರ ಹೊಂದದಿದ್ದರೆ ದಿನಾಂಕ ಹೊಂದಿಲ್ಲವೆಂದೇ ಅರ್ಥ. ಈಗ ನಾವು ಬಳಸುವ ಕ್ಯಾಲೆಂಡರ್ ಜಾರಿಗೆ ಬಂದದ್ದು 1582ರಲ್ಲಿ. ಅದಕ್ಕೆ ಮುಂಚಿನ ನಾವಿಕ ಬರೆದದ್ದು ಹಳೆಯ ಎಣಿಕೆಯ ಅಕ್ಟೋಬರ್ 5. ನನ್ನ ತಂತ್ರಾಂಶ ಇಂದಿನ ಎಣಿಕೆಯನ್ನೇ ಐನೂರು ವರ್ಷ ಹಿಂದಕ್ಕೆ ಎಳೆದಿತ್ತು. ಆ ಕಾಲಕ್ಕೆ ಎರಡರ ಅಂತರ ಒಂಬತ್ತು ದಿನ. ಕೈಯಿಂದಲೇ ಲೆಕ್ಕ ಹಾಕಿದೆ, ಎರಡು ಸಲ. ಶುಕ್ರವಾರ. ಆಶ್ವಿನ ಕೃಷ್ಣಪಕ್ಷ, ಐದನೆಯದೋ ಆರನೆಯದೋ ತಿಥಿ. ಅಮಾವಾಸ್ಯೆಗೆ ಹತ್ತು ದಿನ.

ಅವರು ಬರೆದದ್ದೆಲ್ಲವೂ ಸರಿಯಾಗಿತ್ತು. ಇತಿಹಾಸ ಓದಲು ತೊಡಗುವ ವಿದ್ಯಾರ್ಥಿ ಮೊದಲ ತಿಂಗಳಲ್ಲಿ ಕಲಿಯುವ ಎಚ್ಚರಿಕೆ ಅದು. ತಿಳಿಯದವನೇನೂ ನಾನಲ್ಲ, ಬೇರೆ ಎಷ್ಟೋ ಲೇಖಕರಿಗೆ ನಾನೇ ತಿದ್ದಿ ಕೊಟ್ಟಿದ್ದೇನೆ. ಅಂದು ಮಾತ್ರ ಯಂತ್ರದ ಉತ್ತರ ನನ್ನ ಪರವಾಗಿತ್ತು, ಆದ್ದರಿಂದ ಮತ್ತೆ ನೋಡಲಿಲ್ಲ...

ಸಂಪಾದಕಿಗೆ ಕರೆ ಮಾಡಿ ನನ್ನ ತಪ್ಪನ್ನು ತಿಳಿಸಿದೆ. ಡಾಕ್ಟರಮ್ಮನ ಎಂಟು ಪುಟಗಳು ಈ ಸಂಚಿಕೆಯಲ್ಲೇ ಬರಬೇಕು, ಒಂದಕ್ಷರ ಬದಲಾಗದೆ, ಎಂದೆ.

“ಅಂಕಲ್, ಪೇಜ್ ಎಲ್ಲ ಸೆಟ್ ಆಗಿದೆ. ಸೋಮವಾರ ಪ್ರಿಂಟಿಗೆ ಕಳಿಸ್ಬೇಕು. ಮುಂದಿನ ವರ್ಷ ಹಾಕೋಣ್ವಾ?”

“ಬೇಡಮ್ಮ. ಜಾಗ ಸಾಲದಿದ್ದರೆ ನನ್ನದನ್ನು ತೆಗೆಯಿರಿ.”

“ನಿಮ್ಮದು ಅವರ ಬಗ್ಗೆನೇ ಅಲ್ವಾ!” ಮತ್ತೆ, “ಒಂಬತ್ತು ದಿನ ತಾನೇ ಅಂಕಲ್. ನೀವು ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲ,” ಎಂದಳು. ದಯೆಯಿಂದಲೇ ಹೇಳಿದಳು.

“ತಪ್ಪು ಅವರದೆಂದು ನಲವತ್ತು ಜನರಿಗೆ ಗೊತ್ತಿದೆ,” ಎಂದೆ.

ಅವಳು ಜಾಹೀರಾತಿನ ಪುಟಗಳನ್ನು ಸರಿಸಿ ಜಾಗ ಮಾಡಿದಳು. ಅವರ ಲೇಖನ ಮೊದಲು, ಅದರ ಕೆಳಗೆ ಈ ಬರಹ ಎಂದು ನಿಶ್ಚಯವಾಯಿತು. ‘ದೀಪಾವಳಿಗೆ ಹತ್ತು ದಿನ ಮೊದಲು’ ಈಗ ನಿಮ್ಮ ಕೈಯಲ್ಲಿದೆ. ಬರೆದವರು ಅದನ್ನು ಅಚ್ಚಿನಲ್ಲಿ ನೋಡಲಿಲ್ಲ. ಆ ಕೊರತೆಯನ್ನು ನಾನು ಯಾವ ತಿದ್ದುಪಡಿಯಿಂದಲೂ ತುಂಬಲಾರೆ.

ಒಂದು ಟಿಪ್ಪಣಿ ಉಳಿದಿದೆ. ಅಂದಿನ ಅವರ ಮಾತನ್ನು ಯಥಾವತ್ತಾಗಿ ಉದ್ಧರಿಸಬೇಕೆಂದು 2021ರ ಅಕ್ಟೋಬರ್ 23ರ ಕೂಟದ ಧ್ವನಿಮುದ್ರಿಕೆ ಇದೆಯೇ ಎಂದು ಸಂಪಾದಕಿಯನ್ನು ಕೇಳಿದ್ದೆ. ಮಧ್ಯಾಹ್ನ ಕಳಿಸಿದಳು, ಮೂರು ಸಲ ಕೇಳಿದೆ. ಮೇಲೆ ನಾನು ಬರೆದಿರುವ ಮಾತನ್ನು ಡಾಕ್ಟರಮ್ಮ ಎಲ್ಲಿಯೂ ಆಡಿಲ್ಲ. ನಾನು ಹತ್ತೊಂಬತ್ತು ದಿನ ಎಂದು ಮುಗಿಸಿದ ಕೂಡಲೇ ಅವರು ಮೆಲ್ಲಗೆ, “ನಿಮ್ಮ ಲೆಕ್ಕದಲ್ಲಿ ಅವತ್ತು ಯಾವ ವಾರ ಬರ್ತದ್ರಿ?” ಎಂದು ಕೇಳುತ್ತಾರೆ. ಅದಕ್ಕೆ ಒಂದು ಗಂಡು ದನಿ, ತುಸು ನಗುತ್ತ, “ವಾರ ಇರಲಿ ಡಾಕ್ಟರಮ್ಮ, ನಾನು ಚೆಕ್ ಮಾಡಿದ್ದೀನಿ ಅಂದ್ರೆ ಸರಿಯೇ ಇರುತ್ತೆ,” ಎನ್ನುತ್ತದೆ. ಆ ದನಿ ನನ್ನದು.